ಬೇಸ್‌ಬಾಲ್ ರೆಫರೆನ್ಸ್ ತಾಣ: 19ನೇ ಶತಮಾನದ ಪಿಚರ್‌ಗಳ ಗೆಲುವಿನ ಲೆಕ್ಕಕ್ಕೆ ಎಷ್ಟು ನಂಬಬಹುದು?

ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಮೊದಲ ಮೂವತ್ತು ವರ್ಷಗಳಲ್ಲಿ ಯಾವ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಎಷ್ಟು ಪಂದ್ಯ ಗೆದ್ದ ಎಂದು ತಿಳಿಯಬೇಕಾದರೆ ಮೊದಲು ತೆರೆಯಬೇಕಾದ ತಾಣ ಬೇಸ್‌ಬಾಲ್ ರೆಫರೆನ್ಸ್. ಶಾನ್ ಫೋರ್ಮನ್ 2000ದಲ್ಲಿ ಶುರು ಮಾಡಿದ ಈ ತಾಣ 1871ರಿಂದ ಈಚಿನ ಪ್ರತಿ ಆಟಗಾರನಿಗೂ ಒಂದು ಪುಟ ಕೊಟ್ಟಿದೆ. ಮುಖ್ಯ ಭಾಗಕ್ಕೆ ದುಡ್ಡಿಲ್ಲ, ಖಾತೆ ತೆರೆಯುವ ಗೊಡವೆಯೂ ಇಲ್ಲ. ಬೇಗ ನೋಡಿ ಮುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಗೆಲುವಿನ ಕಾಲಂ ಒಂದನ್ನೇ ನೋಡಿಕೊಂಡು ಎದ್ದುಹೋದರೆ 19ನೇ ಶತಮಾನದ ಮಟ್ಟಿಗೆ ತಪ್ಪು ತಿಳಿವಳಿಕೆಯೇ ಗಟ್ಟಿಯಾಗುತ್ತದೆ. ಅದೇ ಸಾಲಿನ ಇನ್ನೂ ನಾಲ್ಕೈದು ಕಾಲಂಗಳೊಂದಿಗೆ ತಾಳೆ ಹಾಕಿ ಓದಬೇಕು. ಹೇಗೆ ಓದಬೇಕೆಂದು ಹೇಳಿಕೊಡುವ ಕೆಲಸವನ್ನು ತಾಣ ಮಾಡಿಲ್ಲ, ಅದಕ್ಕೇ ಈ ವಿಮರ್ಶೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಮಾತು. ಕ್ರಿಕೆಟ್‌ನಲ್ಲಿ ಗೆಲುವು ತಂಡದ್ದು, ಬೌಲರ್ ಹೆಸರಿಗೆ ಬರುವುದು ವಿಕೆಟ್ ಮಾತ್ರ. ಬೇಸ್‌ಬಾಲ್‌ನಲ್ಲಿ ಗೆದ್ದ ತಂಡದ ಒಬ್ಬ ಪಿಚರ್ ಖಾತೆಗೆ ಗೆಲುವು, ಸೋತ ತಂಡದ ಒಬ್ಬ ಪಿಚರ್ ಖಾತೆಗೆ ಸೋಲು ಬರೆಯುತ್ತಾರೆ. ಒಂದೇ ಪಂದ್ಯದಲ್ಲಿ ಇಬ್ಬರು ಎಸೆದಿದ್ದರೆ ಯಾರಿಗೆ ಬರೆಯಬೇಕು ಎನ್ನುವುದಕ್ಕೆ ಇಂದು ಸ್ಪಷ್ಟ ನಿಯಮವಿದೆ: ಆರಂಭಿಸಿದವನು ಕನಿಷ್ಠ 5 ಇನಿಂಗ್ಸ್ ಎಸೆದಿರಬೇಕು, ತಂಡ ಕೊನೆಯವರೆಗೂ ಉಳಿಯುವ ಮುನ್ನಡೆ ಪಡೆದಾಗ ತಂಡದ ಪರ ಕೊನೆಯದಾಗಿ ಎಸೆದಿದ್ದ ಪಿಚರ್‌ಗೆ ಗೆಲುವು. ಈ ನಿಯಮ ಅಧಿಕೃತ ಪುಸ್ತಕಕ್ಕೆ ಸೇರಿದ್ದು 1950ರಲ್ಲಿ. ಅದಕ್ಕೂ ಮುಂಚೆ, ಅದರಲ್ಲೂ 1880ರ ದಶಕದಲ್ಲಿ, ಮೈದಾನದ ಸ್ಕೋರರ್ ಯಾರ ಎಸೆತ ಚೆನ್ನಾಗಿತ್ತು ಅಂದುಕೊಂಡರೋ ಅವರಿಗೇ ಗೆಲುವು. ಈಗಿನ ಕೋಷ್ಟಕಗಳಲ್ಲಿ ಕಾಣುವ ಆ ಕಾಲದ ಗೆಲುವುಗಳಲ್ಲಿ ಹೆಚ್ಚಿನವು ಆಮೇಲಿನ ಸಂಶೋಧಕರು ಹಳೆಯ ಪತ್ರಿಕೆಗಳ ಸ್ಕೋರ್‌ಪಟ್ಟಿ ನೋಡಿ ಕೂಡಿಸಿದವು.

ಇದರ ಪರಿಣಾಮ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಓಲ್ಡ್ ಹಾಸ್ ರ್‍ಯಾಡ್ಬರ್ನ್ ಪುಟದಲ್ಲಿ. ಹುಡುಕು ಪೆಟ್ಟಿಗೆಯಲ್ಲಿ ಕುಲನಾಮ ಬರೆದರೆ ಸಾಕು, ಪುಟ ಸಿಗುತ್ತದೆ. ಸ್ಟ್ಯಾಂಡರ್ಡ್ ಪಿಚಿಂಗ್ ಎಂಬ ಮೊದಲ ಕೋಷ್ಟಕಕ್ಕೆ ಹೋಗಿ 1884ರ ಸಾಲು ನೋಡಿ. ತಂಡ ಪ್ರಾವಿಡೆನ್ಸ್ ಗ್ರೇಸ್, ಲೀಗ್ ನ್ಯಾಷನಲ್. ಜಿ ಎಂಬ ಕಾಲಂನಲ್ಲಿ 75, ಅಂದರೆ ಎಸೆದ ಪಂದ್ಯಗಳು. ಜಿಎಸ್‌ನಲ್ಲಿ 73, ಅಂದರೆ ಆರಂಭಿಸಿದ ಪಂದ್ಯಗಳು. ಸಿಜಿಯಲ್ಲಿಯೂ 73, ಅಂದರೆ ಆರಂಭಿಸಿದ ಪ್ರತಿ ಪಂದ್ಯವನ್ನೂ ಅವನೇ ಮುಗಿಸಿದ್ದಾನೆ. ಎಸೆದ ಇನಿಂಗ್ಸ್ 678.2, ಸ್ಟ್ರೈಕ್‌ಔಟ್ (ಸ್ಟ್ರೈಕ್‌ಗಳಿಂದಲೇ ಬ್ಯಾಟರ್‌ನನ್ನು ಔಟ್ ಮಾಡಿದ್ದು) 441, ಇಆರ್‌ಎ (ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, 9 ಇನಿಂಗ್ಸ್‌ಗೆ ಪಿಚರ್ ಕೊಟ್ಟ ಸರಾಸರಿ ರನ್) 1.38, ಸೋಲು 12. ಗೆಲುವು ಮಾತ್ರ ಮುದ್ರಿತ ದಾಖಲೆಗಳಲ್ಲೂ ಬೇರೆ ಬೇರೆ ತಾಣಗಳಲ್ಲೂ ಒಂದೆಡೆ 59, ಇನ್ನೊಂದೆಡೆ 60. ವೃತ್ತಿಜೀವನದ ಮೊತ್ತವೂ ಅದಕ್ಕೆ ತಕ್ಕಂತೆ 309 ಅಥವಾ 310.

ಈ ಒಂದು ಗೆಲುವಿನ ವ್ಯತ್ಯಾಸ ಎಲ್ಲಿ ಹುಟ್ಟಿತು ಎನ್ನುವುದಕ್ಕೆ ಸುಳಿವು ಆ ಸಾಲಿನಲ್ಲೇ ಇದೆ. 75ರಲ್ಲಿ 73 ಕಳೆದರೆ 2. ಎರಡು ಪಂದ್ಯಗಳಲ್ಲಿ ರ್‍ಯಾಡ್ಬರ್ನ್ ಆರಂಭಿಸದೆ ನಡುವೆ ಬಂದು ಎಸೆದಿದ್ದಾನೆ. ಅದರಲ್ಲೊಂದು 1884ರ ಜುಲೈ 28ರದು, ಫಿಲಡೆಲ್ಫಿಯಾದಲ್ಲಿ ನಡೆದದ್ದು. ಪ್ರಾವಿಡೆನ್ಸ್ ಪರ ಆರಂಭಿಸಿದ ಸೈಕ್ಲೋನ್ ಮಿಲ್ಲರ್ 5 ಇನಿಂಗ್ಸ್ ಎಸೆದು 3-4ರಲ್ಲಿ ಹಿಂದಿದ್ದಾಗ ನಿಲ್ಲಿಸಿದ. 6ನೇ ಇನಿಂಗ್ಸ್‌ನ ಮೊದಲ ಅರ್ಧದಲ್ಲಿ ಪ್ರಾವಿಡೆನ್ಸ್ 4 ರನ್ ಹೊಡೆದು ಮುಂದೆ ಹೋಯಿತು. ಆಮೇಲಿನ 4 ಇನಿಂಗ್ಸ್ ರ್‍ಯಾಡ್ಬರ್ನ್ ಎಸೆದ, ಒಂದು ರನ್ನೂ ಕೊಡಲಿಲ್ಲ, ಪಂದ್ಯ 11-4ರಲ್ಲಿ ಮುಗಿಯಿತು. ಚೆನ್ನಾಗಿ ಎಸೆದವನು ರ್‍ಯಾಡ್ಬರ್ನ್ ಎಂದು ಸ್ಕೋರರ್ ಗೆಲುವನ್ನು ಅವನಿಗೆ ಕೊಟ್ಟರು. ಆಗಿನ ಪದ್ಧತಿಯಲ್ಲಿ ಅದು ಸರಿ. ಇಂದಿನ ನಿಯಮದಲ್ಲಿ ಗೆಲುವು ಮಿಲ್ಲರ್‌ಗೆ, ರ್‍ಯಾಡ್ಬರ್ನ್‌ಗೆ ಸೇವ್, ಅಂದರೆ ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ್ದಕ್ಕೆ ಬರೆಯುವ ಲೆಕ್ಕ. ಸ್ಕೋರರ್ ತೀರ್ಪು ಉಳಿಸಿಕೊಂಡವರಿಗೆ 60, ಹೊಸ ನಿಯಮ ಹಿಂದಕ್ಕೆ ಅನ್ವಯಿಸಿದವರಿಗೆ 59. ನನ್ನ ಪ್ರಕಾರ 60 ಎನ್ನುವುದೇ ನ್ಯಾಯ. ಆ ದಿನದ ಪಂದ್ಯಕ್ಕೆ ಆ ದಿನದ ನಿಯಮವೇ ಸಲ್ಲಬೇಕು.

ಹಾಗಾಗಿ ಈ ತಾಣವನ್ನು ಓದುವ ಮೊದಲ ಪಾಠ: ಜಿ ಮತ್ತು ಜಿಎಸ್ ನಡುವೆ ಅಂತರ ಎಷ್ಟಿದೆ, ಜಿಎಸ್ ಮತ್ತು ಸಿಜಿ ನಡುವೆ ಅಂತರ ಎಷ್ಟಿದೆ ನೋಡಿ. ಮೂರೂ ಒಂದೇ ಆಗಿದ್ದರೆ ಆ ವರ್ಷದ ಗೆಲುವಿನಲ್ಲಿ ತಕರಾರು ಬರುವುದಕ್ಕೆ ಎಡೆಯೇ ಇಲ್ಲ, ಒಬ್ಬನೇ ಪೂರ್ತಿ ಎಸೆದ ಪಂದ್ಯದ ಗೆಲುವು ಇನ್ಯಾರಿಗೂ ಹೋಗಲಾರದು. ಅಂತರ ಹೆಚ್ಚಾದಷ್ಟೂ ತೀರ್ಪಿನ ಪಾಲು ಹೆಚ್ಚು. 1880ರ ದಶಕದ ಬಹುತೇಕ ದೊಡ್ಡ ಪಿಚರ್‌ಗಳಲ್ಲಿ ಈ ಅಂತರ ಸಣ್ಣದು, ಕಾರಣ ನಿಯಮದ್ದು. ಗಾಯವಾಗದೆ ಬದಲಿ ಆಟಗಾರನನ್ನು ಇಳಿಸುವಂತಿರಲಿಲ್ಲ. ಪಿಚರ್ ಬದಲಿಸಬೇಕಾದರೆ ಮೈದಾನದಲ್ಲಿ ಆಗಲೇ ಆಡುತ್ತಿದ್ದ ಇನ್ನೊಬ್ಬನ ಜೊತೆ ಜಾಗ ಬದಲಿಸಿಕೊಳ್ಳಬೇಕಿತ್ತು. ಅದೇ 1884ರ ಜುಲೈ 22ರಂದು ಪ್ರಾವಿಡೆನ್ಸ್‌ನ ಇನ್ನೊಬ್ಬ ಪಿಚರ್ ಚಾರ್ಲಿ ಸ್ವೀನಿ ಔಟ್‌ಫೀಲ್ಡ್‌ಗೆ ಹೋಗಲು ಒಪ್ಪದೆ ಮೈದಾನ ಬಿಟ್ಟು ಹೊರಟಾಗ ಪ್ರಾವಿಡೆನ್ಸ್ ಎಂಟೇ ಜನರಲ್ಲಿ ಆಡಿ ಸೋಲಬೇಕಾಯಿತು. ಯಾವಾಗ ಬೇಕಾದರೂ ಬದಲಿ ಇಳಿಸಬಹುದು ಎಂದಾದದ್ದು 1891ರಲ್ಲಿ.

ಸಾಲು ಸಾಲು ಗೆಲುವಿನ ದಾಖಲೆಗಳಲ್ಲಿಯೂ ಇದೇ ತೊಡಕು. 1888ರಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನ ಟಿಮ್ ಕೀಫ್ ಸತತ 19 ಗೆದ್ದ. ಅದರಲ್ಲೊಂದು ಪಂದ್ಯದಲ್ಲಿ ಅವನು ಎಸೆದದ್ದು 2 ಇನಿಂಗ್ಸ್ ಮಾತ್ರ. 9-0 ಮುನ್ನಡೆ ಸಿಕ್ಕಿದ ಮೇಲೆ ವಿಶ್ರಾಂತಿ ಪಡೆದ. ಇಂದಾದರೆ ಅದು ಅವನ ಗೆಲುವಲ್ಲ. 1912ರಲ್ಲಿ ರೂಬ್ ಮಾರ್ಕ್ವಾರ್ಡ್ ಅದೇ 19ಕ್ಕೆ ನಿಂತ. ಇಂದಿನ ನಿಯಮದಲ್ಲಿ ಅವನಿಗೆ ಇನ್ನೊಂದು ಸೇರುತ್ತಿತ್ತು. ಪುಟದ ಕೋಷ್ಟಕದಲ್ಲಿ ವರ್ಷದ ಮೊತ್ತವಷ್ಟೇ ಇರುವುದರಿಂದ ಇಂಥ ವಿವರ ಅಲ್ಲಿ ಕಾಣುವುದಿಲ್ಲ.

ಎರಡನೆಯದು ಲೀಗ್ ಕಾಲಂ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಆದರೆ ಈ ತಾಣದ ದೊಡ್ಡ ಉಪಕಾರ ಇಲ್ಲಿಯೇ ಇದೆ. 1871ರಿಂದ 1875ರವರೆಗಿನ ನ್ಯಾಷನಲ್ ಅಸೋಸಿಯೇಷನ್ ಅನ್ನು ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1969ರಿಂದ ಮೇಜರ್ ಲೀಗ್ (ಅತಿ ಮೇಲಿನ ದರ್ಜೆಯ ಲೀಗ್) ಎಂದು ಎಣಿಸುವುದಿಲ್ಲ. ಬೇಸ್‌ಬಾಲ್ ರೆಫರೆನ್ಸ್ ಎಣಿಸುತ್ತದೆ. ಹೀಗಾಗಿ ಪಡ್ ಗ್ಯಾಲ್ವಿನ್ ಇಲ್ಲಿ 365 ಗೆಲುವಿನವನು, ಇನ್ನೊಂದು ಕಡೆ 361ರವನು. ನಡುವಿನ 4 ಗೆಲುವು 1875ರಲ್ಲಿ ಸೇಂಟ್ ಲೂಯಿಸ್ ರೆಡ್ ಸ್ಟಾಕಿಂಗ್ಸ್‌ಗೆ ಎಸೆದವು. ಗ್ಯಾಲ್ವಿನ್ ಯಾವ ಲೆಕ್ಕದಲ್ಲೂ 300 ದಾಟಿದ ಮೊದಲಿಗ, ಅಷ್ಟರಲ್ಲಿ ತೊಂದರೆಯಿಲ್ಲ. ಬಾಬಿ ಮ್ಯಾಥ್ಯೂಸ್ ವಿಷಯದಲ್ಲಿ ವ್ಯತ್ಯಾಸ ಘನವಾದದ್ದು. ಒಟ್ಟು 297 ಗೆಲುವಿನಲ್ಲಿ 131 ನ್ಯಾಷನಲ್ ಅಸೋಸಿಯೇಷನ್‌ನವು. ಅವನ್ನು ಕಳೆದರೆ 166ಕ್ಕೆ ಇಳಿಯುತ್ತಾನೆ. ಆ ಅಸೋಸಿಯೇಷನ್‌ನ ಮೊಟ್ಟಮೊದಲ ಪಂದ್ಯವನ್ನು, 1871ರ ಮೇ 4ರಂದು, ಫೋರ್ಟ್ ವೇಯ್ನ್ ಕೆಕಿಯೊಂಗಾಸ್ ಪರವಾಗಿ ಎಸೆದು 2-0ಯಿಂದ ಗೆದ್ದವನೇ ಅವನು. ಅಂಥವನ ಅರ್ಧದಷ್ಟು ಬದುಕನ್ನು ಲೆಕ್ಕದಿಂದ ಹೊರಗಿಡದ ತಾಣದ ನಿಲುವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆಲ್ಬರ್ಟ್ ಸ್ಪಾಲ್ಡಿಂಗ್ ಇನ್ನೂ ದೊಡ್ಡ ಉದಾಹರಣೆ. 1875ರಲ್ಲಿ ಬಾಸ್ಟನ್ ರೆಡ್ ಸ್ಟಾಕಿಂಗ್ಸ್‌ಗೆ 54 ಗೆಲುವು, 5 ಸೋಲು. ಮರುವರ್ಷ ನ್ಯಾಷನಲ್ ಲೀಗ್ ಹುಟ್ಟಿದಾಗ ಶಿಕಾಗೋಗೆ ಹೋಗಿ 47 ಗೆದ್ದ. ಆ ವರ್ಷ ಶಿಕಾಗೋ ಗೆದ್ದದ್ದೇ 52 ಪಂದ್ಯ. ಅಂದರೆ ಆ ಕಾಲದ ಪಿಚರ್‌ನ ಗೆಲುವು ಹೆಚ್ಚುಕಡಿಮೆ ಇಡೀ ತಂಡದ ಗೆಲುವು. ಆಟಗಾರನ ಪುಟದಲ್ಲಿ ತಂಡದ ಹೆಸರಿನ ಮೇಲೆ ಒತ್ತಿದರೆ ತಂಡದ ಪುಟ ತೆರೆಯುತ್ತದೆ, ಅಲ್ಲಿ ತಂಡದ ಒಟ್ಟು ಗೆಲುವು-ಸೋಲು ಇರುತ್ತದೆ. ಈ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟರೆ ಯಾರು ಒಳ್ಳೆಯ ತಂಡದ ಬೆನ್ನೇರಿ ಗೆದ್ದರು, ಯಾರು ಬಡ ತಂಡವನ್ನು ಹೊತ್ತು ಗೆದ್ದರು ಎಂದು ತಕ್ಷಣ ಗೊತ್ತಾಗುತ್ತದೆ. ಗೆಲುವಿನ ಕಾಲಂಗೆ ಇಷ್ಟು ಬೆಳಕು ಚೆಲ್ಲುವ ಇನ್ನೊಂದು ಸುಲಭ ದಾರಿ ಇಲ್ಲ.

ಒಂದೇ ವರ್ಷ ಎರಡು ಲೀಗ್‌ಗಳಲ್ಲಿ ಎಸೆದವರ ಸಾಲು ಎಚ್ಚರದಿಂದ ನೋಡಿ. ಮೇಲೆ ಹೇಳಿದ ಸ್ವೀನಿ 1884ರಲ್ಲಿ ಪ್ರಾವಿಡೆನ್ಸ್‌ಗೆ 17 ಗೆದ್ದು, ಯೂನಿಯನ್ ಅಸೋಸಿಯೇಷನ್‌ನ ಸೇಂಟ್ ಲೂಯಿಸ್‌ಗೆ ಹೋಗಿ 24 ಗೆದ್ದ. ಒಟ್ಟು 41. ಲೀಗ್‌ವಾರು ಅಗ್ರಪಟ್ಟಿಯಲ್ಲಿ ಈ 41 ಎಲ್ಲಿಯೂ ಸಿಗುವುದಿಲ್ಲ, ಆಟಗಾರನ ಪುಟದ ಒಟ್ಟು ಸಾಲಿನಲ್ಲಿ ಸಿಗುತ್ತದೆ. ಯೂನಿಯನ್ ಅಸೋಸಿಯೇಷನ್ ಒಂದೇ ವರ್ಷ ಬಾಳಿದ್ದು, ಮಟ್ಟವೂ ಕಡಿಮೆ. ಅಲ್ಲಿನ 24 ಗೆಲುವನ್ನು ನ್ಯಾಷನಲ್ ಲೀಗ್‌ನ 24ರ ಜೊತೆ ಸಮ ತೂಗಬಾರದು. ಅಮೆರಿಕನ್ ಅಸೋಸಿಯೇಷನ್ (1882ರಿಂದ 1891) ಹಾಗಲ್ಲ. ಅದು ಗಟ್ಟಿ ಲೀಗ್. 1884ರಲ್ಲಿ ಲೂಯಿವಿಲ್‌ನ ಗೈ ಹೆಕರ್ ಗೆದ್ದ 52, 1888ರಲ್ಲಿ ಸೇಂಟ್ ಲೂಯಿಸ್‌ನ ಸಿಲ್ವರ್ ಕಿಂಗ್ ಗೆದ್ದ 45, ಎರಡೂ ಅಲ್ಲಿಯವು.

ಇನ್ನು ನನ್ನ ಮುಖ್ಯ ತಕರಾರು. ಆಟಗಾರನ ಕೋಷ್ಟಕದಲ್ಲಿ ಆ ವರ್ಷ ಪಿಚರ್ ಎಷ್ಟು ದೂರದಿಂದ, ಹೇಗೆ ಎಸೆಯುತ್ತಿದ್ದ ಎನ್ನುವುದು ಬರುವುದಿಲ್ಲ. 1879ರ ಗೆಲುವೂ 1899ರ ಗೆಲುವೂ ಒಂದೇ ಅಕ್ಷರದ ಕೆಳಗೆ, ಒಂದೇ ಬಣ್ಣದಲ್ಲಿ. ವಾಸ್ತವದಲ್ಲಿ ಅವು ಬೇರೆಯೇ ಕೆಲಸಗಳು. ಹಾಗಾಗಿ ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟುಕೊಳ್ಳುವುದು ಒಳಿತು. 1880ರವರೆಗೆ 45 ಅಡಿ, ಕೈ ಸೊಂಟದ ಕೆಳಗೆ. 1881ರಲ್ಲಿ 50 ಅಡಿ. 1883ರಲ್ಲಿ ನ್ಯಾಷನಲ್ ಲೀಗ್ ಭುಜದ ಎತ್ತರದವರೆಗೂ ಕೈ ಎತ್ತಲು ಬಿಟ್ಟಿತು, 1884ರಲ್ಲಿ ತಲೆಯ ಮೇಲಿಂದ ಎಸೆಯಲೂ ಬಿಟ್ಟಿತು. ಅಮೆರಿಕನ್ ಅಸೋಸಿಯೇಷನ್‌ನಲ್ಲಿ ಇದು ಬಂದದ್ದು 1885ರಲ್ಲಿ. 1886ರವರೆಗೆ ಬ್ಯಾಟರ್ ತನಗೆ ಎತ್ತರದ ಎಸೆತ ಬೇಕೋ ತಗ್ಗಿನದು ಬೇಕೋ ಕೇಳಿ ಪಡೆಯುತ್ತಿದ್ದ, 1887ರಿಂದ ಅದು ರದ್ದು. 1887ರ ಒಂದೇ ವರ್ಷ ಮೂರರ ಬದಲು ನಾಲ್ಕು ಸ್ಟ್ರೈಕ್‌ಗೆ (ಬ್ಯಾಟರ್ ಹೊಡೆಯಲಾಗದ ಸರಿಯಾದ ಎಸೆತ) ಔಟ್. ಬ್ಯಾಟರ್ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋಗಲು ಬೇಕಾದ ಬಾಲ್‌ಗಳು (ಗುರಿತಪ್ಪಿದ ಎಸೆತಗಳು) 1879ರಲ್ಲಿ 9 ಇದ್ದದ್ದು ಇಳಿಯುತ್ತ ಬಂದು 1889ರಲ್ಲಿ 4ಕ್ಕೆ ನಿಂತವು. ಕೊನೆಗೆ 1893ರಲ್ಲಿ ಪಿಚರ್ ನಿಂತು ಎಸೆಯುತ್ತಿದ್ದ ಚೌಕದ ಬದಲು 12 ಇಂಚು ಉದ್ದ, 4 ಇಂಚು ಅಗಲದ ರಬ್ಬರ್ ಪಟ್ಟಿ ಬಂತು, ದೂರ 60 ಅಡಿ 6 ಇಂಚು ಆಯಿತು.

60 ಅಡಿ 6 ಇಂಚು ಎಂದ ಕೂಡಲೇ 50ರಿಂದ ಹತ್ತೂವರೆ ಅಡಿ ಹಿಂದೆ ಹೋಯಿತು ಎಂದು ಹಲವರು ಬರೆಯುತ್ತಾರೆ. ಅದು ಸರಿಯಲ್ಲ. 50 ಅಡಿ ಅಳೆಯುತ್ತಿದ್ದದ್ದು ಪಿಚರ್ ಚೌಕದ ಮುಂದಿನ ಗೆರೆಗೆ. 1887ರಿಂದ ಆ ಚೌಕದ ಉದ್ದ ಐದೂವರೆ ಅಡಿ, ಪಿಚರ್‌ನ ಹಿಂದಿನ ಕಾಲು ಹಿಂದಿನ ಗೆರೆಯ ಮೇಲೇ ಇರಬೇಕಿತ್ತು. ಅಂದರೆ 55 ಅಡಿ 6 ಇಂಚು. ಹೊಸ ಪಟ್ಟಿಯನ್ನು ಅಳೆದದ್ದು ಹಿಂದಿನ ಕಾಲಿನ ಜಾಗದಿಂದಲೇ. ನಿಜವಾಗಿ ಹೆಚ್ಚಿದ್ದು 5 ಅಡಿ. ಆ 5 ಅಡಿಯೇ ಸಾಕಷ್ಟು ಜನರನ್ನು ಮುಗಿಸಿತು. ತಾಣದಲ್ಲಿ ಬಿಲ್ ಹಚಿಸನ್ ಪುಟ ತೆರೆದು ನೋಡಿ: 1891ರಲ್ಲಿ ಶಿಕಾಗೋಗೆ 44 ಗೆದ್ದವನು 1893ರಲ್ಲಿ 16ಕ್ಕೆ ಇಳಿದಿದ್ದಾನೆ. ಪಕ್ಕದಲ್ಲೇ ಸೈ ಯಂಗ್ ಮತ್ತು ಕಿಡ್ ನಿಕೊಲ್ಸ್ ಪುಟ ತೆರೆಯಿರಿ. ಯಂಗ್ 1892ರಲ್ಲಿ 36, 1893ರಲ್ಲಿ 34. ನಿಕೊಲ್ಸ್ 35, ಆಮೇಲೆ 34. ಮೂರು ಟ್ಯಾಬ್, ಮೂರು ಸಾಲು, ಅಷ್ಟರಲ್ಲೇ ದೂರ ಬದಲಾದರೂ ತಾಳಿದವರು ಯಾರು, ತಾಳದವರು ಯಾರು ಎಂದು ತಿಳಿಯುತ್ತದೆ. ಇದು ಕೂಡ ಉಚಿತವಾಗಿ ಸಿಗುತ್ತಿದೆ ಎನ್ನುವುದನ್ನು ಮರೆಯಬಾರದು.

ಇಆರ್‌ಎ ಬಗ್ಗೆ ಚಿಕ್ಕದಾಗಿ. ನ್ಯಾಷನಲ್ ಲೀಗ್ ಅದನ್ನು ಅಧಿಕೃತವಾಗಿ ಇಟ್ಟದ್ದು 1912ರಿಂದ, ಹಿಂದಿನದೆಲ್ಲ ಆಮೇಲೆ ಕಟ್ಟಿದ್ದು. ರ್‍ಯಾಡ್ಬರ್ನ್‌ನ 1.38 ನೋಡಿ ಬೆರಗಾಗುವ ಮುಂಚೆ ಪಕ್ಕದ ಆರ್ ಕಾಲಂ ನೋಡಿ. ಅವನು ಕೊಟ್ಟ ಒಟ್ಟು ರನ್ ಅವನ ಪಾಲಿಗೆ ಎಣಿಸಿದ 104ಕ್ಕಿಂತ ಸುಮಾರು ಎರಡರಷ್ಟು. ಬರಿಗೈಯಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಕಾಲ, ತಪ್ಪುಗಳು ರಾಶಿ.

ಕೋಷ್ಟಕವನ್ನು ಕೆಳಗಿಳಿಸಿಕೊಳ್ಳುವವರಿಗೆ: ಪ್ರತಿ ಕೋಷ್ಟಕದ ಮೇಲೆ ಶೇರ್ ಅಂಡ್ ಎಕ್ಸ್‌ಪೋರ್ಟ್ ಎಂಬ ಗುಂಡಿಯಿದೆ, ಅದರಲ್ಲಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕಡತ) ಆಯ್ಕೆ ಇದೆ. ಎಕ್ಸೆಲ್‌ಗೆ ಹಾಕಿದ ಮೇಲೆ ಮೂರು ಕಡೆ ಎಡವುತ್ತಾರೆ. ಇನಿಂಗ್ಸ್‌ನ 678.2 ಎಂದರೆ 678 ಮತ್ತು ಮೂರರಲ್ಲಿ ಎರಡು ಭಾಗ, ದಶಮಾಂಶವಲ್ಲ. ಹಾಗೇ ಕೂಡಿಸಿದರೆ ಮೊತ್ತ ತಪ್ಪುತ್ತದೆ. ಮೊದಲು ಪೂರ್ಣಾಂಕವನ್ನು 3ರಿಂದ ಗುಣಿಸಿ ಕೊನೆಯ ಅಂಕಿ ಸೇರಿಸಿ, 2036 ಔಟ್ ಎಂದು ಮಾಡಿಕೊಂಡು ಕೂಡಿಸಿ. ಎರಡು ತಂಡಗಳಿಗೆ ಆಡಿದ ವರ್ಷಕ್ಕೆ ಒಟ್ಟು ಸಾಲು ಒಂದು, ಬಿಡಿ ಸಾಲು ಎರಡು ಇರುತ್ತವೆ. ಮೂರನ್ನೂ ಕೂಡಿಸಿದರೆ ಸ್ವೀನಿ 82 ಪಂದ್ಯ ಗೆದ್ದಂತಾಗುತ್ತದೆ. ಅಗ್ರಪಟ್ಟಿಗಳಲ್ಲಿ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಸಂಗ್ರಹಾಲಯ) ಸೇರಿದವರ ಹೆಸರಿನ ತುದಿಗೆ ಕೂಡು ಚಿಹ್ನೆ ಅಂಟಿರುತ್ತದೆ. ಅದನ್ನು ತೆಗೆಯದೆ ಎರಡು ಕೋಷ್ಟಕ ಜೋಡಿಸಲು ಹೋದರೆ ದೊಡ್ಡ ದೊಡ್ಡ ಹೆಸರುಗಳೇ ಉದುರಿಹೋಗುತ್ತವೆ.

'1871ರಿಂದ 1892ರೊಳಗೆ 40ಕ್ಕಿಂತ ಹೆಚ್ಚು ಗೆದ್ದ ಋತುಗಳೆಲ್ಲ ಬೇಕು' ಎಂಬಂಥ ಪ್ರಶ್ನೆಗೆ ಉಚಿತ ಪುಟಗಳು ನೇರ ಉತ್ತರ ಕೊಡುವುದಿಲ್ಲ. ಅದೇ ಸಂಸ್ಥೆಯ ಸ್ಟ್ಯಾಟ್‌ಹೆಡ್ ಎಂಬ ಚಂದಾ ಸೇವೆ ಕೊಡುತ್ತದೆ. ವಾರಕ್ಕೊಮ್ಮೆ ಇಂಥ ಹುಡುಕಾಟ ಇರುವವರು ಕೊಂಡರೆ ದುಡ್ಡಿಗೆ ಮೋಸವಿಲ್ಲ. 19ನೇ ಶತಮಾನ ಮಾತ್ರ ಸಾಕು ಎನ್ನುವವರಿಗೆ ನಾನು ಹೇಳುವುದು ಲ್ಯಾಹ್‌ಮನ್ ದತ್ತಾಂಶ: 1871ರಿಂದ ಈಚಿನದೆಲ್ಲ ಉಚಿತ ಸಿಎಸ್‌ವಿ ಕಡತಗಳಲ್ಲಿ. ಪಿಚಿಂಗ್ ಕಡತದಲ್ಲಿ ವರ್ಷ, ತಂಡ, ಲೀಗ್, ಗೆಲುವು, ಸೋಲು ಎಲ್ಲ ಇವೆ, ಇನಿಂಗ್ಸ್ ಬದಲು ಔಟ್‌ಗಳ ಲೆಕ್ಕವೇ ಇರುವುದರಿಂದ ಮೊದಲ ತೊಂದರೆ ತಾನಾಗಿ ತಪ್ಪುತ್ತದೆ. ಒಟ್ಟು ಸಾಲು ಇಲ್ಲ, ತಂಡಕ್ಕೊಂದು ಸಾಲು. ವರ್ಷ ಮತ್ತು ಆಟಗಾರನ ಮೇಲೆ ನೀವೇ ಗುಂಪು ಮಾಡಿ ಕೂಡಿಸಬೇಕು. ಹೆಸರಿರುವುದಿಲ್ಲ, ಕುಲನಾಮದ ಮೊದಲ ಐದು ಅಕ್ಷರ, ಹೆಸರಿನ ಮೊದಲ ಎರಡು ಅಕ್ಷರ ಮತ್ತು ಎರಡು ಅಂಕಿ ಸೇರಿಸಿದ ಗುರುತು ಇರುತ್ತದೆ. ಪೀಪಲ್ ಕಡತದ ಜೊತೆ ಜೋಡಿಸಿದರೆ ಹೆಸರು ಬರುತ್ತದೆ.

ಅಲ್ಲಿ ಒಂದು ಹೊಂಡವಿದೆ, ಬಿದ್ದವರು ಬಹಳ. ನ್ಯಾಷನಲ್ ಅಸೋಸಿಯೇಷನ್‌ಗೆ ಲೀಗ್ ಕಾಲಂನಲ್ಲಿ ಬರೆದಿರುವುದು ಎನ್‌ಎ ಎಂಬ ಎರಡಕ್ಷರ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಪೈಥಾನ್ ಭಾಷೆಯ ಪಾಂಡಾಸ್ ಎಂಬ ದತ್ತಾಂಶ ಸಾಧನವೂ ಆ ಎರಡಕ್ಷರವನ್ನು 'ಮಾಹಿತಿ ಇಲ್ಲ' ಎಂದು ಓದಿಕೊಳ್ಳುತ್ತವೆ. ಖಾಲಿ ಸಾಲುಗಳನ್ನು ತೆಗೆದುಹಾಕುವ ಆಜ್ಞೆ ಕೊಟ್ಟರೆ ಐದು ವರ್ಷದ ಇಡೀ ಲೀಗ್ ಸದ್ದಿಲ್ಲದೆ ಮಾಯ. ಸ್ಪಾಲ್ಡಿಂಗ್‌ಗೆ ಒಂದೇ ಒಳ್ಳೆಯ ವರ್ಷ ಉಳಿಯುತ್ತದೆ, ಮ್ಯಾಥ್ಯೂಸ್ 166ಕ್ಕೆ ಬಂದು ನಿಲ್ಲುತ್ತಾನೆ. ಪಾಂಡಾಸ್‌ನಲ್ಲಿ ಕಡತ ಓದಿಸುವಾಗಲೇ ಖಾಲಿ ಎಂದು ತಾನಾಗಿ ಊಹಿಸುವ ಆಯ್ಕೆಯನ್ನು ಆಫ್ ಮಾಡಿ. ಕೆಲಸ ಸರಿಯಾಯಿತೇ ಎಂದು ಪರೀಕ್ಷಿಸಲು ಗ್ಯಾಲ್ವಿನ್ ಒಬ್ಬ ಸಾಕು: ಮೊತ್ತ 365 ಬಂದರೆ ಸರಿ, 361 ಬಂದರೆ 1875 ಬಿಟ್ಟುಹೋಗಿದೆ.

ಒಂದು ನಿರ್ದಿಷ್ಟ ಪಂದ್ಯದ ದಿನಾಂಕ, ಎದುರಾಳಿ, ಸ್ಕೋರ್ ಬೇಕಾದರೆ ರೆಟ್ರೋಶೀಟ್ ಎಂಬ ಸ್ವಯಂಸೇವಕರ ತಾಣ, ಅದೂ ಉಚಿತ. ಅಲ್ಲಿ ದಿನಾಂಕ ಹಿಡಿದುಕೊಂಡು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಉಚಿತ ಹಳೆಯ ಪತ್ರಿಕೆಗಳ ಸಂಗ್ರಹಕ್ಕೆ ಹೋಗಿ ಮರುದಿನದ ಸಂಚಿಕೆ ನೋಡುವುದು ಸರಿಯಾದ ಕ್ರಮ. ಪತ್ರಿಕೆಗಳಲ್ಲಿ ಹೆಚ್ಚಾಗಿ ಕುಲನಾಮವಷ್ಟೇ ಇರುತ್ತದೆ, ಕಾಗುಣಿತವೂ ಸ್ಥಿರವಿಲ್ಲ. ರ್‍ಯಾಡ್ಬರ್ನ್ ಹೆಸರಿಗೆ ಕೊನೆಯಲ್ಲಿ ಇ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಹುಡುಕಿ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಫಲಕದಲ್ಲಿಯೇ ಇ ಸೇರಿಸಿ ಕೆತ್ತಿದ್ದಾರೆ.

ಮೊಬೈಲ್‌ನಲ್ಲಿ ಕೋಷ್ಟಕಗಳು ಅಗಲ, ಬೆರಳಿನಿಂದ ಎಡಕ್ಕೆ ಜರುಗಿಸುತ್ತ ಹೋದರೆ ಸಿಜಿ ಕಾಣುವ ಹೊತ್ತಿಗೆ ಗೆಲುವಿನ ಕಾಲಂ ಮರೆಯಾಗಿರುತ್ತದೆ. ಮೇಲೆ ಹೇಳಿದ ತಾಳೆ ನೋಡುವ ಕೆಲಸಕ್ಕೆ ಫೋನ್ ಅಡ್ಡ ಹಿಡಿಯಿರಿ, ಇಲ್ಲವೇ ಕಂಪ್ಯೂಟರ್ ಬಳಸಿ. ಕಾಲಂ ತಲೆಯ ಮೇಲೆ ಮೌಸ್ ಇಟ್ಟರೆ ಅದರ ಅರ್ಥ ಬರುವ ಸೌಲಭ್ಯವೂ ಕಂಪ್ಯೂಟರ್‌ನಲ್ಲೇ ಸಲೀಸು. ದಪ್ಪಕ್ಷರದ ಸಂಖ್ಯೆ ಕಂಡರೆ ಆ ವರ್ಷ ಆ ಲೀಗ್‌ನಲ್ಲಿ ಅವನೇ ಮೊದಲಿಗ ಎಂದು ತಿಳಿಯಿರಿ, ದಪ್ಪಕ್ಷರ ಓರೆಯಾಗಿಯೂ ಇದ್ದರೆ ಎಲ್ಲ ಮೇಜರ್ ಲೀಗ್‌ಗಳಲ್ಲೂ ಮೊದಲಿಗ. 1884ರಂಥ ಮೂರು ಲೀಗ್‌ಗಳ ವರ್ಷದಲ್ಲಿ ಈ ಓರೆಯೇ ಮುಖ್ಯ: ಹೆಕರ್‌ನ 52 ದಪ್ಪಕ್ಷರದಲ್ಲಿ ಮಾತ್ರ, ರ್‍ಯಾಡ್ಬರ್ನ್‌ನದು ಎರಡೂ.